ಹುಣಸೆಹುಳಿಯಲ್ಲಿ ಮಿಂದ ಆನೆಕಾಸು

ಪ್ರಶ್ನೆ: ಸರ್, ನಾನು ಕಿನ್ನಿಗೋಳಿ ಕಡೆಯ ನಿವೃತ್ತ ಟೀಚರ್. ತಿಂಗಳ ಮೊದಲ ಶನಿವಾರ ಮಂಗಳೂರಿಗೆ ಬಂದು ಮನೆಯ ಕೆಲಸಗಳನ್ನೆಲ್ಲ ಮುಗಿಸಿಕೊಂಡು ಹೋಗುವುದು ನನ್ನ ರೂಢಿ. ಬ್ಯಾಂಕು, ಅಂಚೆ ಕಚೇರಿ, ನಮ್ಮವರ ಬಿ.ಪಿ. ಮಾತ್ರೆ, ಮಿಕ್ಸಿ ರಿಪೇರಿ, ಕೊನೆಗೆ ಮೀನು. ನಡುವೆ ಒಂದೆರಡು ಗಂಟೆ ಹಳೆಯ ನಾಣ್ಯ, ಅಂಚೆಚೀಟಿ ಹುಡುಕುವ ಹುಚ್ಚು. ಹೋದ ಸಲ ಫುಟ್‌ಪಾತಿನಲ್ಲಿ ತಲಾ 250ರಂತೆ ಮೂರು ವಿಕ್ಟೋರಿಯಾ ರಾಣಿಯ ರೂಪಾಯಿ, 800 ಕೊಟ್ಟು ರಾಮ ಪಟ್ಟಾಭಿಷೇಕದ ಚಿತ್ರದ ಒಂದು ಈಸ್ಟ್ ಇಂಡಿಯಾ ಕಂಪನಿ ನಾಣ್ಯ ತಂದೆ. ಅವುಗಳ ಜತೆ ತವರಿನಿಂದ ಬಂದ ಆನೆ ಚಿತ್ರದ ತಾಮ್ರದ ಕಾಸನ್ನೂ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿ ಫಳಫಳ ಮಾಡಿ ಆಲ್ಬಮ್ಮಿನಲ್ಲಿಟ್ಟೆ. ಮಳೆಗಾಲ ಕಳೆಯುವಷ್ಟರಲ್ಲಿ ಕೆಲವಕ್ಕೆ ಹಸಿರು ಅಂಟು, ಆನೆಕಾಸಿಗೆ ಹಸಿರು ಹುಡಿ. ಇದರ ಮೇಲೆ, ನನ್ನಲ್ಲಿರುವ ವೈಷ್ಣೋದೇವಿಯ ಐದು ರೂಪಾಯಿಗೆ 9 ಲಕ್ಷ ಕೊಡುತ್ತೇವೆಂದು ಒಬ್ಬರು ಫೋನ್ ಮಾಡಿ, ನೋಂದಣಿಗೆ 1,850 ಕಳಿಸಿ ಎನ್ನುತ್ತಿದ್ದಾರೆ. ದುಬೈಯಲ್ಲಿರುವ ಅಣ್ಣನ ಮಗ ಹಳೆಯದೆಲ್ಲ ಕೊಡಿ, ಅಲ್ಲಿ ಒಳ್ಳೆ ರೇಟು ಸಿಗುತ್ತದೆ ಅನ್ನುತ್ತಾನೆ. ನಮ್ಮವರಿಗೆ ಇದೆಲ್ಲ ಗುಜರಿ. ನಾನು ಮೋಸ ಹೋದೆನಾ? ಈ ಹುಚ್ಚು ಬಿಡಬೇಕಾ? (ಬಂದರಿನ ಗುಜರಿ ಅಂಗಡಿಯಿಂದ 40 ರೂಪಾಯಿಗೆ ಹಳೆಯ ಬ್ಯಾಂಕಿನ ಒಂದು ಹಿತ್ತಾಳೆ ಟೋಕನ್ ಕೂಡ ತಂದಿದ್ದೇನೆ. ಅದು ಬಿಡಿ, ಚಂದ ಕಂಡಿತು ಅಂತ ತಂದದ್ದು.)

ಉತ್ತರ: ಟೀಚರೇ, ಮೊದಲು ಫೋನಿನ ವಿಷಯ ಮುಗಿಸೋಣ. 1,850 ರೂಪಾಯಿ ಕಳಿಸಬೇಡಿ. ಕಳಿಸಿ ಆಗಿದ್ದರೆ ಇದನ್ನು ಓದುವುದು ನಿಲ್ಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಿ.

ಆ ಐದು ರೂಪಾಯಿಯನ್ನು ಮಾತಾ ವೈಷ್ಣೋದೇವಿ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ 2012ರಲ್ಲಿ ಹೊರಡಿಸಿದರು. ಅದೇ ಚಿತ್ರದ ಹತ್ತು ರೂಪಾಯಿಯೂ ಉಂಟು. ಎರಡೂ ಚಲಾವಣೆಗೇ ಬಿಟ್ಟ ನಾಣ್ಯಗಳು. ಬಸ್ ಕಂಡಕ್ಟರ್ ಚಿಲ್ಲರೆ ಕೊಡುವಾಗ ಇವತ್ತಿಗೂ ಕೈಗೆ ಬರುತ್ತವೆ. ಮುಖಬೆಲೆಯ ಮೇಲೆ ಹತ್ತಿಪ್ಪತ್ತು ರೂಪಾಯಿ ಸಿಕ್ಕಿದರೆ ಅದೇ ದೊಡ್ಡದು. 786 ಸಂಖ್ಯೆಯ ನೋಟು, ಟ್ರ್ಯಾಕ್ಟರ್ ಇರುವ ಐದು ರೂಪಾಯಿ ನೋಟಿನ ಲಕ್ಷಗಳ ಕತೆಯೂ ಇದೇ ಜಾತಿ. ಈ ಆಟದಲ್ಲಿ ನಾಣ್ಯ ಯಾರಿಗೂ ಬೇಡ, ಬೇಕಿರುವುದು ನಿಮ್ಮ ನೋಂದಣಿ ಶುಲ್ಕ. ಅದು ಕೊಟ್ಟ ಮೇಲೆ ಜಿಎಸ್‌ಟಿ, ಅದರ ಮೇಲೆ ರಿಸರ್ವ್ ಬ್ಯಾಂಕಿನ ಕಮಿಷನ್ ಅಂತ ಕೇಳುತ್ತಾ ಹೋಗುತ್ತಾರೆ. ಹಳೆಯ ನೋಟು ನಾಣ್ಯಗಳ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ಮಾರುವವನಿಂದ ಮುಂಗಡ ಕೇಳುವ ವ್ಯಾಪಾರ ನಿಮ್ಮ ಮೀನು ಮಾರ್ಕೆಟ್ಟಿನಲ್ಲಿ ಉಂಟಾ?

ಈಗ ರಾಮ ಪಟ್ಟಾಭಿಷೇಕ. ನಿಮಗೆ ಬೇಸರವಾಗುತ್ತದೆ, ಆದರೂ ಹೇಳಬೇಕು: 800 ರೂಪಾಯಿ ಹೋಯಿತು. ಒಂದು ಬದಿ ಪಟ್ಟಾಭಿಷೇಕ, ಹನುಮಂತ ಅಥವಾ ಕಮಲ, ಇನ್ನೊಂದು ಬದಿ ‘ಈಸ್ಟ್ ಇಂಡಿಯಾ ಕಂಪನಿ, ಯುಕೆಎಲ್, ಒಂದಾಣೆ, 1818’ ಎಂದಿರುವ ಬಿಲ್ಲೆಗಳನ್ನು ನನ್ನ ಮೇಜಿಗೆ ತಿಂಗಳಿಗೆ ಇಬ್ಬರಾದರೂ ತರುತ್ತಾರೆ. ಕೆಲವರು ಪೂಜೆ ಮಾಡಿ, ಕುಂಕುಮದ ಸಮೇತ ತರುತ್ತಾರೆ. ಇಂಥ ನಾಣ್ಯವನ್ನು ಕಂಪನಿ ಎಂದೂ ಟಂಕಿಸಿಲ್ಲ. ‘ಕಂಪನಿ ದೇವರ ಚಿತ್ರವನ್ನೇ ಹಾಕಿಲ್ಲ’ ಅಂತ ಕೆಲವರು ಹೇಳುತ್ತಾರೆ, ಅದೂ ಸರಿಯಲ್ಲ. ಮದರಾಸಿನಲ್ಲಿ ಕಂಪನಿ ಹೊರಡಿಸಿದ ಚಿನ್ನದ ವರಹಗಳ ಮೇಲೆ ದೇವರಿದ್ದಾನೆ, ‘ಮೂರು ಸ್ವಾಮಿ ವರಹ’ ಎಂಬ ಹೆಸರೇ ಉಂಟು. ಅವು ಬೆರಳ ತುದಿಯಷ್ಟು ಚಿಕ್ಕ ಚಿನ್ನದ ನಾಣ್ಯಗಳು. ನಿಮ್ಮದು ಅಂಗೈಯಗಲದ ತಾಮ್ರ, ಮೇಲೆ ಕಪ್ಪು ಬಳಿದು ಹಳತು ಮಾಡಿದ್ದು. ರಾಮಟಂಕ ಎಂದು ಪೂಜೆಗೆ ಮಾಡಿಸುತ್ತಿದ್ದ ಹಳೆಯ ಬಿಲ್ಲೆಗಳೂ ನಿಜವಾಗಿ ಇವೆ, ಆದರೆ ಅವುಗಳ ಮೇಲೆ ಕಂಪನಿಯ ಇಂಗ್ಲಿಷ್ ಹೆಸರು ಇರುವುದಿಲ್ಲ. ಅಕ್ಕಿಕಾಳನ್ನು ಅಯಸ್ಕಾಂತದ ಹಾಗೆ ಎಳೆಯುತ್ತದೆ, ಅನ್ನ ಕುದಿಸುತ್ತದೆ ಎಂದು ಸುಳ್ಳು ಹೇಳಿ ಇದೇ ಬಿಲ್ಲೆಯನ್ನು ಲಕ್ಷಗಟ್ಟಲೆಗೆ ಮಾರುವವರಿದ್ದಾರೆ. ನೀವು 800ಕ್ಕೆ ಪಾರಾಗಿದ್ದೀರಿ. ದೇವರ ಕೋಣೆಯಲ್ಲಿ ಇಡುತ್ತೀರಾದರೆ ಇಡಿ, ಇನ್ನೊಬ್ಬರಿಗೆ ಹಳೆಯದೆಂದು ಮಾತ್ರ ಕೊಡಬೇಡಿ.

ಮೂರು ರೂಪಾಯಿಗಳ ವಿಷಯದಲ್ಲಿ ನೋಡದೆ ತೀರ್ಪು ಕೊಡಲಾರೆ, ಆದರೆ 250 ಎಂಬ ಸಂಖ್ಯೆಯೇ ಅರ್ಧ ಸಾಕ್ಷಿ ಹೇಳುತ್ತದೆ. ವಿಕ್ಟೋರಿಯಾ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ರಥಬೀದಿಯ ಹಳೆಯ ಆಚಾರಿಗಳನ್ನು ಕೇಳಿ ನೋಡಿ, ‘ರೂಪಾಯಿ ತೂಕ’ ಅಂದರೆ ಅವರಿಗೆ ತೊಲವೇ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಲೆಕ್ಕ ಹಾಕಿದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಆಯಿತು. ಇವತ್ತಿನ ಬೆಳ್ಳಿಯ ದರದಿಂದ ಗುಣಿಸಿ. ಕರಗಿಸಿ ಮಾರಿದರೂ ಅದಕ್ಕಿಂತ ಎಷ್ಟೋ ಹೆಚ್ಚು ಬರುವ ವಸ್ತುವನ್ನು ಫುಟ್‌ಪಾತಿನಲ್ಲಿ ಕೂತವನು 250ಕ್ಕೆ ಯಾಕೆ ಕೊಟ್ಟಾನು? ಅವನಿಗೆ ಬೆಳ್ಳಿಯ ದರ ನಮಗಿಂತ ಚೆನ್ನಾಗಿ ಗೊತ್ತು.

ಅನುಮಾನ ಪರಿಹಾರಕ್ಕೆ ಅಯಸ್ಕಾಂತ ಸಾಲದು. ಅಯಸ್ಕಾಂತಕ್ಕೆ ಅಂಟಿದರೆ ನಕಲಿ ಎಂಬುದು ಖಂಡಿತ, ಅಂಟದಿದ್ದರೆ ಏನೂ ಸಿದ್ಧವಾಗುವುದಿಲ್ಲ. ಯಾಕೆಂದರೆ ನಕಲಿಗಳು ಹೆಚ್ಚಿನವು ಜರ್ಮನ್ ಸಿಲ್ವರ್. ಅದರಲ್ಲಿ ತಾಮ್ರ, ನಿಕ್ಕಲ್, ಸತು ಉಂಟು, ಬೆಳ್ಳಿ ಇರುವುದು ಹೆಸರಿನಲ್ಲಿ ಮಾತ್ರ. ನೆಲಕ್ಕೆ ಹಾಕಿ ‘ಠಣ್’ ಕೇಳುವ ಪರೀಕ್ಷೆಯೂ ಬೇಡ, ಅಂಚು ಜಜ್ಜಿ ಹೋಗುತ್ತದೆ.

ನಾನು ಮಾಡುವುದು ಹೀಗೆ. ಪರಿಚಯದ ಅಕ್ಕಸಾಲಿಗರ ಬಳಿ ಚಿನ್ನ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇರುತ್ತದೆ, ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವಂಥದ್ದು. ಮೊದಲು ನಾಣ್ಯವನ್ನು ಸುಮ್ಮನೆ ತೂಗಿ ಬರೆದುಕೊಳ್ಳಿ. ಸವೆದ ನಾಣ್ಯವಾದರೆ 11.66ಕ್ಕಿಂತ ಸ್ವಲ್ಪ ಕಡಿಮೆ ಬಂದೀತು, ಹೆದರಬೇಡಿ. ಆಮೇಲೆ ಒಂದು ಸಣ್ಣ ಲೋಟದಲ್ಲಿ ಮುಕ್ಕಾಲು ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಹೊಲಿಗೆಯ ನೂಲು ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ತೂಗುಬಿಡಿ. ನೂಲು ನಿಮ್ಮ ಕೈಯಲ್ಲೇ ಇರಬೇಕು. ತಕ್ಕಡಿ ಒಂದು ಸಣ್ಣ ಸಂಖ್ಯೆ ತೋರಿಸುತ್ತದೆ. ಮೊದಲಿನ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿ, ಬಂದದ್ದೇ ಲೋಹದ ಸಾಂದ್ರತೆ. ಅಸಲಿ ವಿಕ್ಟೋರಿಯಾ ರೂಪಾಯಿಯಾದರೆ 10.3ರ ಆಸುಪಾಸು ಬರುತ್ತದೆ, ಜರ್ಮನ್ ಸಿಲ್ವರ್ ಆದರೆ 9 ಕೂಡ ದಾಟುವುದಿಲ್ಲ. ನೀವು ಟೀಚರ್, ಆರ್ಕಿಮಿಡೀಸನ ಕತೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೀರೋ! ಅದೇ ಇದು, ಸ್ನಾನದ ತೊಟ್ಟಿಯ ಬದಲು ಟೀ ಲೋಟ. 1940ರಿಂದ ಈಚಿನ ಆರನೇ ಜಾರ್ಜ್‌ನ ಬೆಳ್ಳಿ ರೂಪಾಯಿಗೆ ಈ ಲೆಕ್ಕ ಹೊಂದುವುದಿಲ್ಲ, ಅದರಲ್ಲಿ ಅರ್ಧವೇ ಬೆಳ್ಳಿ. 1947ರದ್ದು ಪೂರ್ತಿ ನಿಕ್ಕಲ್.

ಒಂದು ಮಾತು, ಈ ಪರೀಕ್ಷೆ ಹೇಳುವುದು ಲೋಹವನ್ನು ಮಾತ್ರ. ಅಸಲಿ ಬೆಳ್ಳಿಯಲ್ಲೇ ಅಪರೂಪದ ಇಸವಿ ಹಾಕಿ ನಕಲಿ ಮಾಡುವವರೂ ಇದ್ದಾರೆ. 1939ರ ರೂಪಾಯಿ ಎಂದು ಯಾರಾದರೂ ಕೈಗಿಟ್ಟರೆ, ಅದು ಅಸಲಿ ಎಂದು ಸಿದ್ಧವಾಗುವ ತನಕ ನಕಲಿ ಎಂದೇ ತಿಳಿಯಿರಿ.

ಇನ್ನು ಹುಣಸೆಹುಳಿ. ಇದಕ್ಕೆ ನಿಮ್ಮನ್ನು ಬೈಯುವ ಅಧಿಕಾರ ನನಗಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಹದಿನೇಳು ತಾಮ್ರದ ಕಾಸುಗಳನ್ನು ನಾನೇ ಬಾವಿಕಟ್ಟೆಯ ಮೇಲೆ ಕೂತು, ಹುಳಿ ಬೂದಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ಬಿಸಿಲಿಗೆ ಸಾಲಾಗಿ ಇಟ್ಟಿದ್ದೆ. ಅಜ್ಜಿಗೆ ಬಹಳ ಸಂತೋಷವಾಯಿತು. ಅವುಗಳಲ್ಲಿ ಒಂದರ ಅಕ್ಷರವೂ ಈಗ ಓದಲು ಬರುವುದಿಲ್ಲ. ದೀಪದ ಕಂಬ, ಕೊಡಪಾನ ಬೆಳಗಿದ ಕೈಗೆ ಕಪ್ಪಾದ ಲೋಹ ಕಂಡರೆ ಸುಮ್ಮನಿರಲಾಗುವುದಿಲ್ಲ, ಅಷ್ಟೆ. ಆದರೆ ಕೊಡಪಾನಕ್ಕೂ ನಾಣ್ಯಕ್ಕೂ ವ್ಯತ್ಯಾಸ ಉಂಟು. ಕೊಡಪಾನದಲ್ಲಿ ಕೂದಲೆಳೆಯಷ್ಟು ಲೋಹ ಹೋದರೆ ನಷ್ಟವಿಲ್ಲ, ನಾಣ್ಯದ ಅಕ್ಷರ ನಿಂತಿರುವುದೇ ಆ ಕೂದಲೆಳೆಯ ಮೇಲೆ. ಹುಳಿಯ ಆಮ್ಲ ಮೇಲಿನ ಕಂದು ಪದರವನ್ನು ಕರಗಿಸುತ್ತದೆ. ಆ ಪದರ ಕೊಳೆಯಲ್ಲ, ವರ್ಷಗಟ್ಟಲೆ ಗಾಳಿ ತಾಗಿ ಕೂತು, ಒಳಗಿನ ಲೋಹಕ್ಕೆ ಹೊದಿಕೆಯಾದದ್ದು. ಸಂಗ್ರಾಹಕರು ದುಡ್ಡು ಕೊಡುವುದು ಅದಕ್ಕೇ. ತಿಕ್ಕಿ ಹೊಳೆಯುವ ನಾಣ್ಯಕ್ಕೆ ತಿಕ್ಕದ ಕಪ್ಪು ನಾಣ್ಯದ ಅರ್ಧ ಬೆಲೆಯೂ ಬರದಿರುವುದು ಸಾಮಾನ್ಯ.

ನಿಮ್ಮ ಆನೆಕಾಸಿಗೆ ಹೆಚ್ಚು ಕೆಡುಕು ಮಾಡಿದ್ದು ಹುಳಿಗಿಂತ ಉಪ್ಪು. ಉಪ್ಪಿನ ಕ್ಲೋರೈಡ್ ತಾಮ್ರದ ಸಣ್ಣ ರಂಧ್ರಗಳೊಳಗೆ ಕೂತಿತು ಅಂದರೆ, ಗಾಳಿಯ ಪಸೆ ಸಿಕ್ಕಿದಾಗಲೆಲ್ಲ ತಾಮ್ರವನ್ನು ತಿನ್ನುತ್ತದೆ, ತಿಂದದ್ದನ್ನು ತಿಳಿಹಸಿರು ಹುಡಿಯಾಗಿ ಹೊರಗೆ ಹಾಕುತ್ತದೆ. ಒರೆಸಿದರೆ ಮತ್ತೆ ಬರುತ್ತದೆ. ಇದಕ್ಕೆ ನಾವು ಕಂಚಿನ ರೋಗ ಅನ್ನುತ್ತೇವೆ. ಕರಾವಳಿಯ ಗಾಳಿಯಲ್ಲೇ ಉಪ್ಪು ಉಂಟು, ಜೂನ್‌ನಿಂದ ನಾಲ್ಕು ತಿಂಗಳು ಮನೆಯ ಗೋಡೆಯೇ ಬೆವರುತ್ತದೆ. ಬಯಲುಸೀಮೆಯ ಮನೆಯಲ್ಲಿ ಹತ್ತು ವರ್ಷಕ್ಕೆ ಆಗುವ ಹಾಳು ನಮ್ಮಲ್ಲಿ ಮಳೆಗಾಲದ ಒಂದೇ ಆಟಿ ತಿಂಗಳಲ್ಲಿ ಆದೀತು. ಗಟ್ಟಿಯಾಗಿ ಅಂಟಿಕೊಂಡ ಕಡುಹಸಿರು ಪದರವಾದರೆ ಚಿಂತೆ ಬೇಡ, ಅದು ಹಳೆಯ ನಾಣ್ಯದ ಸಹಜ ಬಣ್ಣ. ಉಗುರಿಗೆ ಹುಡಿಯಾಗಿ ಬರುವ ತಿಳಿಹಸಿರು ಆದರೆ ರೋಗ.

ಈಗ ಮಾಡಬೇಕಾದ್ದು: ಆ ಕಾಸನ್ನು ಉಳಿದವುಗಳಿಂದ ಬೇರೆ ಮಾಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಪಂಪಿನಲ್ಲಿ ಸಿಗುತ್ತದೆ; ಗಾಜಿನ ಬಟ್ಟಲಲ್ಲಿ ಅದನ್ನು ಹಾಕಿ ಕಾಸನ್ನು ಮುಳುಗಿಸಿಡಿ. ಪ್ರತಿದಿನ ನೀರು ಬದಲಿಸಿ, ವಾರ ಹತ್ತು ದಿನ. ನಲ್ಲಿ ನೀರು ಬೇಡ, ಅದರಲ್ಲೇ ಕ್ಲೋರಿನ್ ಇರುತ್ತದೆ. ಆಮೇಲೆ ಹತ್ತಿಬಟ್ಟೆಯ ಮೇಲಿಟ್ಟು ತೇವ ಹೀರಿಸಿ, ಒರೆಸದೆ, ತೇವ ಹೀರುವ ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಹುಡಿ ಮತ್ತೆ ಬಂದರೆ ನೀವೇ ಮುಂದುವರಿಸಬೇಡಿ, ಲೋಹದ ವಸ್ತು ಸಂರಕ್ಷಣೆ ಬಲ್ಲವರಿಗೇ ತೋರಿಸಿ. ಹೋದ ಅಕ್ಷರ ಯಾವ ಔಷಧಿಯಿಂದಲೂ ಬರುವುದಿಲ್ಲ.

ಅಂದ ಹಾಗೆ, ಆನೆ ಇದೆ ಎಂದ ಮಾತ್ರಕ್ಕೆ ಅದು ಟಿಪ್ಪುವಿನದ್ದಾಗಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲೂ ಆನೆ ಉಂಟು. ಆನೆಯ ಮೇಲೆ ಸೂರ್ಯ ಚಂದ್ರ, ಕನ್ನಡದ ‘ಶ್ರೀ’ ಕಂಡರೆ ಒಡೆಯರದ್ದು. ಹಿಂಬದಿ ಪೂರ್ತಿ ಪಾರಸಿ ಲಿಪಿಯಾಗಿದ್ದರೆ ಟಿಪ್ಪುವಿನದ್ದಿರಬಹುದು. ಅವನ ಆಳ್ವಿಕೆಯ ನಂತರದ ವರ್ಷಗಳ ನಾಣ್ಯದಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದವರು ಅದನ್ನು ತಿರುಗಾಮುರುಗಾ ಓದಿ ಸಾವಿರಾರು ವರ್ಷ ಹಳೆಯದೆಂದು ಜಗಳಕ್ಕೆ ಬರುವುದುಂಟು.

ಆಲ್ಬಮ್ಮಿನ ಹಸಿರು ಅಂಟು ಬೇರೆಯೇ ಕತೆ. ಮೆತ್ತಗಿನ, ಹೊಸ ಮಳೆಕೋಟಿನ ವಾಸನೆ ಬರುವ ಹಾಳೆಗಳಾದರೆ ಅದು ಪಿವಿಸಿ ಎಂಬ ಪ್ಲಾಸ್ಟಿಕ್. ಸೆಕೆಗೆ ಅದು ಬೆವರಿ ಆಮ್ಲ ಬಿಡುತ್ತದೆ, ತಾಮ್ರ ಇರುವ ನಾಣ್ಯಕ್ಕೆ ಜಿಗುಟು ಹಸಿರು ಹಿಡಿಯುತ್ತದೆ. ಶುದ್ಧ ಅಸಿಟೋನಿನಲ್ಲಿ ಕೆಲವು ನಿಮಿಷ ಇಟ್ಟರೆ ಅಂಟು ಕರಗುತ್ತದೆ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಪರಿಮಳ ಎಲ್ಲ ಸೇರಿರುತ್ತದೆ. ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಬೆಂಕಿ ಹಿಡಿಯುವಂಥದ್ದು. ಅಡುಗೆಮನೆಯಲ್ಲಿ ಮಾಡಬೇಡಿ, ಕಿಟಕಿ ತೆರೆದಿಡಿ, ಗಾಜಿನ ಪಾತ್ರೆಯನ್ನೇ ಬಳಸಿ. ನೋಟು, ಅಂಚೆಚೀಟಿಗೆ ಖಂಡಿತ ತಾಗಿಸಬಾರದು. ಇದು ರಗಳೆ ಅನಿಸಿದರೆ ಹಾಗೇ ಬಿಡಿ, ಆಲ್ಬಮ್ ಒಂದು ಬದಲಿಸಿ. ಕೊಳ್ಳುವಾಗ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಯೇ ಎಂದು ಕೇಳಿ. ನಾಣ್ಯದ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನ ಗಂಧಕ ಬೆಳ್ಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ.

ದುಬೈಯ ಹುಡುಗನಿಗೆ ಪ್ರೀತಿಯಿಂದಲೇ ಇಲ್ಲ ಅನ್ನಿ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಆನೆಕಾಸಂತೂ ಆಯಿತು, ವಿಕ್ಟೋರಿಯಾ ಅಸಲಿಯಾದರೆ ಅದೂ ಸೇರಿತು. ಬಜ್ಪೆಯ ಏರ್‌ಪೋರ್ಟಿನಲ್ಲಿ ಬ್ಯಾಗು ಬಿಚ್ಚಿಸಿದರೆ ಹುಡುಗನ ಕೆಲಸಕ್ಕೇ ಕುತ್ತು. ಇಲ್ಲಿಯೇ ಮಾರುವುದಾದರೆ ವ್ಯಾಪಾರಿ ಕೂಡಲೇ ದುಡ್ಡು ಕೊಡುತ್ತಾನೆ, ಆದರೆ ತನ್ನ ಲಾಭ ಹಿಡಿದುಕೊಂಡೇ ಕೊಡುತ್ತಾನೆ. ಅದನ್ನು ಮೋಸ ಅನ್ನಲಾಗದು. ಹರಾಜಿನಲ್ಲಿ ಹೆಚ್ಚು ಬರಬಹುದು, ಕಮಿಷನ್ ಕಳೆದು, ತಿಂಗಳುಗಟ್ಟಲೆ ಕಾದು. ನಿಮ್ಮಲ್ಲಿ ಈಗ ಇರುವುದರಲ್ಲಿ ಹರಾಜಿಗೆ ಕಳಿಸುವಂಥದ್ದು ನನಗೇನೂ ಕಾಣುವುದಿಲ್ಲ. ತವರಿನ ಕಾಸನ್ನು ಮಾರುವುದು ಬೇಡವೇ ಬೇಡ.

ಹಾಗಾದರೆ ಹುಚ್ಚು ಬಿಡಬೇಕಾ? ಶನಿವಾರದ ಸುತ್ತಾಟದ ಕ್ರಮ ಬದಲಿಸಿ, ಸಾಕು. ಬೆಳಿಗ್ಗೆ ಬ್ಯಾಂಕಿನ ಕೆಲಸ ಮುಗಿದ ಕೂಡಲೇ ಹುಡುಕಾಟ. ಕೊಂಡದ್ದನ್ನು ಆಚಾರಿಯ ತಕ್ಕಡಿಗೆ ಹಾಕುವುದು ಅದೇ ದಾರಿಯಲ್ಲಿ ಆಗುತ್ತದೆ. ಮೀನು ಕೊನೆಗೆ, ಬೇರೆ ಚೀಲದಲ್ಲಿ. ನಗಬೇಡಿ, ಒಬ್ಬರು ನನ್ನಲ್ಲಿಗೆ ತಂದ ಅಂಚೆಚೀಟಿಗಳ ಲಕೋಟೆಯಲ್ಲಿ ಬಂಗುಡೆಯ ನೀರು ಇಳಿದು, ನಲವತ್ತು ಚೀಟಿಗಳು ಒಂದೇ ಹಪ್ಪಳವಾಗಿದ್ದವು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಬೆವರಿನಲ್ಲೂ ಉಪ್ಪೇ ಇರುವುದು. ದಿನಕ್ಕೆ ಇಷ್ಟೇ ಎಂದು 300 ರೂಪಾಯಿ ಬೇರೆ ಪರ್ಸಿನಲ್ಲಿಟ್ಟುಕೊಳ್ಳಿ, ಬಿ.ಪಿ. ಮಾತ್ರೆಯ ದುಡ್ಡಿಗೆ ಕೈ ಹಾಕಬೇಡಿ. ಕೊಳ್ಳುವ ಮೊದಲು ಕಣ್ಣು ಪಳಗಬೇಕಾದರೆ ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಅಲೋಶಿಯಂ ವಸ್ತುಸಂಗ್ರಹಾಲಯ ನೋಡಿ, 1913ರಿಂದ ಇದೆ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ಬ್ಯಾಂಕ್ ವಸ್ತುಸಂಗ್ರಹಾಲಯದ ನಾಣ್ಯಗಳ ಮುಂದೆ ಅರ್ಧ ದಿನ ನಿಂತರೆ ಫುಟ್‌ಪಾತಿನ ನಕಲಿ ತಾನಾಗಿಯೇ ಕಣ್ಣಿಗೆ ಚುಚ್ಚುತ್ತದೆ.

ಅಂಚೆಚೀಟಿಗೆ ಒಂದೇ ಮಾತು: ಲಕೋಟೆಯಿಂದ ಹರಿದು ತೆಗೆಯಬೇಡಿ. ಚೀಟಿ ಎಲ್ಲಿಯೂ ಸಿಗುತ್ತದೆ. ‘ಸೌತ್ ಕೆನರಾ’ ಎಂದು ಮುದ್ರೆ ಬಿದ್ದ, ವಿಳಾಸ ಬರೆದ ಇಡೀ ಲಕೋಟೆ ಸಿಗುವುದಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟೇ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ರಿಜಿಸ್ಟರ್ಡ್ ಲಕೋಟೆಗಳಿದ್ದರೆ ಒಲೆಗೆ ಹಾಕುವ ಮುಂಚೆ ನೋಡಿ.

ಕೊನೆಗೆ, ನೀವು ಆವರಣದೊಳಗೆ ಹಾಕಿದ ಆ 40 ರೂಪಾಯಿಯ ಟೋಕನ್. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಅಲ್ಲೇ. ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ಐದು ಬ್ಯಾಂಕು ಹುಟ್ಟಿದ ನೆಲ ಇದು. ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿ ಮನೆಮನೆಗೆ ಹೋಗಿ ಚಿಲ್ಲರೆ ಸಂಗ್ರಹಿಸಿತು. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್, ಸಿಂಡಿಕೇಟ್, ಒಂದೊಂದಾಗಿ ಬೇರೆ ಬ್ಯಾಂಕಿನೊಳಗೆ ಸೇರಿ ಹೆಸರು ಅಳಿಸಿಹೋದವು. ಕೌಂಟರಿನಲ್ಲಿ ಚೆಕ್ ಕೊಟ್ಟು, ಹಿತ್ತಾಳೆಯ ಬಿಲ್ಲೆ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕಾದದ್ದು ನಿಮಗೂ ನೆನಪಿರಬೇಕು. ಆ ಬಿಲ್ಲೆಗಳು ಹೆಚ್ಚಿನವು ಗುಜರಿಗೆ ಹೋಗಿ ಕರಗಿದವು. ಬೇಡಿಕೆ ಇಲ್ಲದ್ದರಿಂದ ನಕಲಿ ಮಾಡುವವರಿಲ್ಲ. ನಾಳೆ ಬೆಲೆ ಏರುತ್ತದೆ ಎಂದು ನಾನು ಹೇಳುವುದಿಲ್ಲ, ಏರದೆಯೂ ಇರಬಹುದು. ಆದರೆ ನೀವು ಆ ದಿನ ಬೆಲೆಗೆ ಸರಿಯಾಗಿ ಕೊಂಡ ವಸ್ತು ಅದೊಂದೇ.

ಯಾವ ಅಂಗಡಿ, ಯಾವ ದಿನ, ಎಷ್ಟು ಕೊಟ್ಟದ್ದು ಎಂದು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಅದರ ಜತೆಗಿಡಿ. ನನಗೆ ಎರಡು ಬದಿಯ ಫೋಟೋ ಕಳಿಸಿ, ಫ್ಲಾಶ್ ಹಾಕದೆ, ಚಾವಡಿಯ ಬೆಳಕಿನಲ್ಲಿ. ಬ್ಯಾಂಕಿನ ಹೆಸರಿನ ಕೆಳಗೆ ಶಾಖೆಯ ಹೆಸರೂ ಕೊರೆದಿದೆಯಾ ಎಂದು ಭೂತಗನ್ನಡಿ ಹಿಡಿದು ನೋಡಿ ಹೇಳಿ. ಹುಳಿ ಮಾತ್ರ ಹಾಕಬೇಡಿ ಮಾರಾಯ್ರೆ.